ಬೆನ್ನಿನ ಗುಳ್ಳೆಯ ಫೋಟೋ

ಶುಕ್ರವಾರ, ಸಂಜೆ

ಗುಬ್ಬಿಯ ಅಪ್ಪನಿಗೆ,

ಇಷ್ಟು ದಿನ ಮೇಲ್ ಕಳಿಸಿದರೆ ವಾಪಸ್ ಬರುತ್ತಿತ್ತು, ಫೋನ್ ನೀವು ಎತ್ತುತ್ತಿಲ್ಲ. ಅದಕ್ಕೇ ಈ ಕಾಗದ. ಗಾಬರಿಯಾಗಬೇಡಿ, ಸುದ್ದಿ ಒಳ್ಳೆಯದೇ. ಮುಚ್ಚಿಹೋಗಿದ್ದ ನಿಮ್ಮ ಮೇಲ್, ಫೋಟೋ ಖಾತೆ ಮತ್ತೆ ತೆರೆದಿದೆ. ಮಗಳ ಫೋಟೋಗಳಲ್ಲಿ ಒಂದೂ ಹೋಗಿಲ್ಲ.

ಇವಳಿಗೆ ಹೇಗೆ ಗೊತ್ತು ಎಂದು ಹುಬ್ಬು ಗಂಟಿಕ್ಕುತ್ತೀರಿ. ನಾವಿಬ್ಬರೂ ಬೇರೆ ಬೇರೆ ಮನೆ ಮಾಡಿದ ಮೇಲೆ ನನಗೆ ಸಿಕ್ಕ ಕೆಲಸ ಏನೆಂದು ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ. ಜನ ಫೋಟೋ ಕೂಡಿಡುವ ಕಂಪನಿ ಅದು. ಯಂತ್ರ ಯಾವುದೋ ಫೋಟೋವನ್ನು ಅಸಭ್ಯ ಎಂದು ಹಿಡಿದು ಖಾತೆ ಮುಚ್ಚಿದರೆ, ಸರಿಯೋ ತಪ್ಪೋ ಎಂದು ಮನುಷ್ಯರು ಮತ್ತೊಮ್ಮೆ ನೋಡುತ್ತಾರೆ. ಹಾಗೆ ನೋಡುವವರಲ್ಲಿ ನಾನೂ ಒಬ್ಬಳು. ಕಿಟಕಿಯಿಲ್ಲದ ಕೋಣೆ, ಫೋನನ್ನು ಬಾಗಿಲಲ್ಲೇ ಕೊಟ್ಟು ಒಳಗೆ ಹೋಗಬೇಕು. ಕೆಲವು ದಿನ ಕಂಡದ್ದು ಊಟದ ಹೊತ್ತಿಗೂ ಕಣ್ಣಿಂದ ಇಳಿಯುವುದಿಲ್ಲ.

ಸೋಮವಾರ ನನ್ನ ಪರದೆಗೆ ಮಗುವೊಂದರ ಬರಿ ಬೆನ್ನು ಬಂತು. ಬೆನ್ನ ತುಂಬ ಕೆಂಪು ಗುಳ್ಳೆ. ಹಸಿರು ಪ್ಲಾಸ್ಟಿಕ್ ಸ್ಟೂಲು. ಫೋಟೋದ ಅಂಚಿನಲ್ಲಿ, ಸುಟ್ಟ ಕಲೆಯಿರುವ ಹೆಬ್ಬೆರಳು, ನನ್ನದೇ. ಡಾಕ್ಟರಿಗೆ ತೋರಿಸಿ ಎಂದು ನಾನೇ ತೆಗೆದು ನಿಮಗೆ ಕಳಿಸಿದ್ದ ಫೋಟೋ.

ಅದರ ಕೆಳಗೆ ನಿಮ್ಮ ಮನವಿ. ಇದು ನನ್ನ ಮಗಳು, ನಾನು ಅಂಥವನಲ್ಲ, ಈಗ ಅವಳನ್ನು ನೋಡಲು ಹೋಗುವುದಕ್ಕೂ ಭಯ, ಅವಳ ಅಮ್ಮನಿಗೆ ಏನೆಂದು ಹೇಳಲಿ ಎಂದು ಬರೆದಿದ್ದಿರಿ. ಅದಕ್ಕೂ ಮೊದಲು ಬರೆದದ್ದಕ್ಕೆಲ್ಲ ಯಂತ್ರವೇ ಆಗದು ಎಂದು ಉತ್ತರ ಕೊಟ್ಟಿತ್ತು.

ಭಾನುವಾರ ಬರುವುದನ್ನು ನೀವು ನಿಲ್ಲಿಸಿದಾಗ, ಮಗಳೂ ಬೇಡವಾದಳು ಎಂದುಕೊಂಡು ನಿಮ್ಮನ್ನು ಮನಸಾರೆ ಬೈದಿದ್ದೆ ರೀ. ನೀವೋ ಈ ಸಂಕಟವನ್ನು ಒಬ್ಬರೇ ನುಂಗಿಕೊಂಡು ಕೂತಿದ್ದಿರಿ.

ಫೋಟೋ ಸರಿಯಿದೆ ಎಂದು ನಾನೇ ಗುಂಡಿ ಒತ್ತಿದ್ದರೆ ಅಲ್ಲೇ ಮುಗಿಯುತ್ತಿತ್ತು. ಆದರೆ ಗುರುತಿನವರದನ್ನು ನಾವು ಮುಟ್ಟುವಂತಿಲ್ಲ. ನಾಳೆ ಯಾರಾದರೂ ಕೆದಕಿದರೆ ಮಸಿ ಹತ್ತುವುದು ನಿಮಗೇ. ಎದ್ದು ಹೋಗಿ ಮೇಲ್ವಿಚಾರಕಿಗೆ, ಮಗು ನನ್ನದು, ಫೋಟೋ ತೆಗೆದವಳೂ ನಾನೇ ಎಂದೆ. ಅವರು ಕನ್ನಡಕ ತೆಗೆದು ಪರದೆ ನೋಡಿದರು, ನನ್ನ ಹೆಬ್ಬೆರಳು ನೋಡಿದರು. ಬೇರೆಯವರ ಕೈಲಿ ಪರಿಶೀಲನೆ ಮಾಡಿಸುತ್ತೇನೆ, ಅಲ್ಲಿಯವರೆಗೆ ನೀನು ಈ ಖಾತೆಯ ಕಡೆ ಸುಳಿಯಬೇಡ ಎಂದರು. ಎಲ್ಲ ಫೋಟೋ ಅಳಿಸಿಹಾಕುವ ಗಡುವು ಈ ವಾರದ ಕೊನೆಗಿತ್ತು.

ಇವತ್ತು ಮಧ್ಯಾಹ್ನ ಕಾಫಿ ಯಂತ್ರದ ಹತ್ತಿರ ಅವರೇ ಬಂದು, ಮಗುವಿನ ಗುಳ್ಳೆ ಕಲೆ ಬಿಡದೆ ವಾಸಿಯಾಯಿತಾ ಎಂದು ಕೇಳಿದರು. ಖಾತೆ ತೆರೆದಿದೆ ಎಂದು ಅಷ್ಟರಲ್ಲೇ ತಿಳಿಯಿತು. ಗೋಡೆಗೆ ಒರಗಿ ಅತ್ತುಬಿಟ್ಟೆ. ಅವರು ತಮ್ಮ ಲೋಟವನ್ನು ನನ್ನ ಕೈಗಿಟ್ಟು ಪಕ್ಕದಲ್ಲಿ ನಿಂತರು. ಎಷ್ಟೋ ತಿಂಗಳ ನಂತರ ಎದೆ ತುಂಬ ಉಸಿರೆಳೆದುಕೊಂಡೆ.

ಭಾನುವಾರ ಬನ್ನಿ. ಗುಬ್ಬಿಗೆ ಮುಂದಿನ ಹಲ್ಲು ಬಿದ್ದಿದೆ. ಮಾತಾಡಲು ಹೋಗಿ ಎದುರಿದ್ದವರಿಗೆಲ್ಲ ಉಗುಳಿನ ಸ್ನಾನ ಮಾಡಿಸುತ್ತಾಳೆ. ಹೆದರದೆ ಫೋಟೋ ತೆಗೆಯಿರಿ.

ಇಂತಿ,
ಗುಬ್ಬಿಯ ಅಮ್ಮ

ಮರೆತಿದ್ದೆ: ಖಾತೆಯವರು ನಿನಗೇನಾಗಬೇಕು ಎಂದು ಮೇಲ್ವಿಚಾರಕಿ ಕೇಳಿದ್ದರು. ಗಂಡ ಎಂದೆ. ವಕೀಲರು ಕಳಿಸಿದ ವಿಚ್ಛೇದನದ ಕಾಗದಕ್ಕೆ ನಾನಿನ್ನೂ ಸಹಿ ಹಾಕಿಲ್ಲ. ನೀವು ಹಾಕಿದ್ದೀರಾ ಎಂದು ಕೇಳಲು ಇಷ್ಟು ದಿನ ಧೈರ್ಯ ಬಂದಿರಲಿಲ್ಲ.