ಎಕ್ಸ್‌ರೇಗೆ ಕಾಣದ ತುಂಡು

೧೨ ಫೆಬ್ರವರಿ ೨೦೨೪, ಬೆಳಗ್ಗೆ ೧೦
ಕರೆಂಟ್ ಇಲ್ಲ. ಇನ್ವರ್ಟರ್ ಮೇಲೆಯೇ ಎರಡು ಹಲ್ಲು ಕಿತ್ತಿದ್ದಾಯಿತು. ಮೂರನೆಯವರು ಕಲ್ಲವ್ವ. ಇಲ್ಲೇ ಗಜೇಂದ್ರಗಡದಲ್ಲಿ ಸೀರೆ ನೇಯುವವರು, ಐವತ್ತೆರಡು ವಯಸ್ಸು. ಹೋದ ವರ್ಷ ಮೇಲಿನ ಎಡ ದವಡೆಗೆ, ಬಿದ್ದ ಹಲ್ಲಿನ ಬೇರಿನ ಬದಲು, ನಾನು ಹಾಕಿದ್ದ ಟೈಟಾನಿಯಂ ಸ್ಕ್ರೂ ಒಗ್ಗಲಿಲ್ಲ. ವಸಡು ಬಾತು, ಕೊನೆಗೆ ತೆಗೆಯಬೇಕಾಯಿತು. ಲೋಹವೇ ಆಗದಿರಬಹುದು ಎಂಬ ಅನುಮಾನ. ಖಚಿತವಿಲ್ಲ.
ಕಂಪನಿ ಏಜೆಂಟ್ ಶಶಿಕಾಂತ ಹುಬ್ಬಳ್ಳಿಯಿಂದ ತಂದ ಹೊಸ ಸ್ಯಾಂಪಲ್ ತೋರಿಸಿದೆ. ಕಾರ್ಬನ್ ಎಳೆ ಬೆರೆಸಿದ ಗಟ್ಟಿ ಪ್ಲಾಸ್ಟಿಕ್ಕಿನ ಸ್ಕ್ರೂ. ಕಪ್ಪು. ಲೋಹ ಒಂದಿಷ್ಟೂ ಇಲ್ಲ.
ಕಲ್ಲವ್ವ ಉಗುರಿನಿಂದ ತಟ್ಟಿ ನೋಡಿದರು. "ಎಳಿ ಹಾಕಿ ಮಾಡ್ಯಾರಂದ್ರ ಗಟ್ಟಿ ಇರಬೇಕ್ರಿ. ಎಷ್ಟ ದಿನ ಬರತೈತಿ, ಬಾಯಾರ?"
"ಜೀವ ಇರೋತನಕ," ಎಂದೆ. ಶಶಿಕಾಂತ ನನಗೆ ಹೇಳಿದ್ದೂ ಅದೇ.

೧೪ ಫೆಬ್ರವರಿ, ಮಧ್ಯಾಹ್ನ
ಹಾಕಿದೆ. ನಲವತ್ತು ನಿಮಿಷ. ಎಕ್ಸ್‌ರೇ ಎರಡೆರಡು ಸಲ ನೋಡಿದೆ. ಟೈಟಾನಿಯಂ ಆಗಿದ್ದರೆ ಬೆಳ್ಳಗೆ ಎದ್ದು ಕಾಣುತ್ತದೆ. ಇಲ್ಲಿ ಸ್ಕ್ರೂ ಇಲ್ಲವೇ ಇಲ್ಲ, ಎಲುಬಿನಲ್ಲಿ ಮಸುಕು ತೂತು ಮಾತ್ರ. ಕಾರ್ಬನ್ ಇದರಲ್ಲಿ ಕಾಣುವುದಿಲ್ಲ, ಗೊತ್ತಿದ್ದದ್ದೇ. ಆದರೂ...

೨೦ ಜೂನ್
ಕಲ್ಲವ್ವನಿಗೆ ಆ ಸ್ಕ್ರೂಗೆ ಹಲ್ಲು ಕೂರಿಸಿದೆ. ಭದ್ರವಾಗಿದೆ. "ಎಡಕ್ಕ ಜಗಿಯೋದು ಮರತ ಹೋಗಿತ್ರಿ," ಎಂದು ನಕ್ಕರು.

೧೮ ನವೆಂಬರ್, ಬೆಳಗ್ಗೆ ೧೧
ಕಲ್ಲವ್ವ ಎಡಗೆನ್ನೆ ಊದಿಸಿಕೊಂಡು ಬಂದರು. ಹಲ್ಲು ಅಲುಗಾಡುತ್ತಿತ್ತು. ಹಿಡಿದೆಳೆದರೆ ಸ್ಕ್ರೂ ಕೈಗೇ ಬಂತು — ಅರ್ಧ. ಮುರಿದ ತುದಿಯಲ್ಲಿ ಎಳೆಗಳು ಹಳೆಯ ಬ್ರಷ್‌ನಂತೆ ಕೆದರಿದ್ದವು.
ಉಳಿದರ್ಧ? ಮೂರು ಕೋನದಿಂದ ಎಕ್ಸ್‌ರೇ ತೆಗೆದೆ. ಬಾವಿನಿಂದ ಎಲ್ಲವೂ ಮಬ್ಬು. ಎಲುಬಿನಲ್ಲೇ ಇದೆಯೋ, ಮೇಲೆ ಕೆನ್ನೆಯೊಳಗಿನ ಗಾಳಿಗೂಡು ಸೈನಸ್‌ಗೆ ಜಾರಿದೆಯೋ ತಿಳಿಯುವಂತಿಲ್ಲ.
"ಏನಾತ್ರಿ?"
"ಸ್ವಲ್ಪ ಸಡಲಾಗೈತ್ರಿ. ಗುಳಗಿ ತಗೋರಿ, ನಾಡದ ಬರ್ರಿ."
ಮುರಿದದ್ದು ಹೇಳಲಿಲ್ಲ. ಟ್ರೇಯಲ್ಲಿದ್ದ ತುಂಡಿನ ಮೇಲೆ ಹತ್ತಿ ಮುಚ್ಚಿದೆ. ಯಾಕೆ ಮುಚ್ಚಿದೆ?

೧೯ ನವೆಂಬರ್
ಸ್ಕ್ರೂ ಬಂದಿದ್ದ ಡಬ್ಬಿ ಹುಡುಕಿದೆ. ಒಳಗೆ ಮಡಚಿದ ಹಾಳೆ, ಇರುವೆಯಂಥ ಅಕ್ಷರ. ಇವತ್ತೇ ಮೊದಲು ಬಿಚ್ಚಿದ್ದು. ತಾತ್ಕಾಲಿಕ ಬಳಕೆಗೆ ಮಾತ್ರ. ಆರು ತಿಂಗಳೊಳಗೆ ತೆಗೆಯಬೇಕು.
ಒಂಬತ್ತು ತಿಂಗಳಾಗಿದೆ.
ಶಶಿಕಾಂತನಿಗೆ ಫೋನ್ ಮಾಡಿದೆ. "ಹಾಳಿ ಕೊಟ್ಟಿದ್ವಲ್ರಿ ಮೇಡಂ," ಎಂದ. ಆಮೇಲೆ ದನಿ ತಗ್ಗಿಸಿ, "ಎಲುಬು ಮೆತ್ತಗಿತ್ತು ಅಂತ ಹೇಳಿಬಿಡ್ರಿ. ಆಕಿಗೇನು ತಿಳಿತೈತಿ?"
ಫೋನ್ ಇಟ್ಟುಬಿಟ್ಟೆ. ಆದರೆ ಆ ಮಾತು ಅವನು ಹೇಳುವ ಮೊದಲೇ ನನ್ನ ತಲೆಯಲ್ಲಿತ್ತು.

೨೦ ನವೆಂಬರ್, ಮಧ್ಯಾಹ್ನ
ಹೇಳಿದೆ. ಮುರಿದದ್ದು, ಒಂದು ತುಂಡು ಒಳಗೇ ಇರುವುದು, ಹಾಳೆ ಓದದೇ ಹಾಕಿದ್ದು.
ಕಲ್ಲವ್ವ ಟ್ರೇ ಕಡೆ ಕಣ್ಣು ಹಾಯಿಸಿದರು.
"ಮೊನ್ನೆ ಹತ್ತಿ ಮುಚ್ಚಿದ್ದು ನೋಡೇನ್ರಿ ನಾ. ಎರಡ ದಿನ ಮಗ್ಗದ ಮ್ಯಾಲ ಕುಂತರೂ ಅದ ಕಣ್ಮುಂದ. ಬಾಯಿ ನಂದು, ನನಗ ಹೇಳಬೇಕಿತ್ತಿಲ್ಲೋ?"
"ಹೌದ್ರಿ."
"ಈಗ ನೀವೊಬ್ಬರ ಕೈ ಹಾಕಬ್ಯಾಡ್ರಿ. ಇನ್ನೊಬ್ಬ ಡಾಕ್ಟರ್ ಇರಬೇಕು."
ತಲೆಯಾಡಿಸಿದೆ. ನರಗುಂದದಲ್ಲಿರುವ ಗುರುಸಂಗಪ್ಪ ಸರ್, ಕಾಲೇಜಿನಲ್ಲಿ ನನಗೆ ಸರ್ಜರಿ ಕಲಿಸಿದವರು, ತುಂಡು ತೆಗೆಯಲು ಫೋನ್‌ನಲ್ಲೇ ಒಪ್ಪಿದರು. ನಾಳೆ ಗದಗಿನಲ್ಲಿ ಸ್ಕ್ಯಾನ್.

೨೨ ನವೆಂಬರ್, ಸಂಜೆ ೪
ನರಗುಂದ. ಸರ್ ಕ್ಲಿನಿಕ್ಕಿನಲ್ಲಿ ಕೂತು ಬರೆಯುತ್ತಿದ್ದೇನೆ.
ಸ್ಕ್ಯಾನ್ ಪರದೆ ಮೇಲೆ ನಾನು ಹುಡುಕಿದ್ದೇ ಹುಡುಕಿದ್ದು. ಸರ್ ಹೇಳಿದರು, "ಬೆಳ್ಳಗಿದ್ದದ್ದನ್ನ ಹುಡುಕಬ್ಯಾಡ ಆಸಿಫಾ. ಎಲುಬಿನ್ಯಾಗ ಕರ್ರಗ ಖಾಲಿ ಎಲ್ಲೈತಿ, ಅದನ್ನ ನೋಡು."
ಕಂಡಿತು. ಸೈನಸ್‌ಗೂ ಅದಕ್ಕೂ ನಡುವೆ ಒಂದು ಮಿಲಿಮೀಟರ್ ಎಲುಬು. ಸ್ವಲ್ಪ ಒತ್ತಿದರೂ ಮೇಲಕ್ಕೆ ಹೋಗುತ್ತಿತ್ತು. ಸರ್ ಪಕ್ಕದಿಂದ ಎಲುಬು ಕೊರೆದರು, ನಾನು ಚಿಮಟ ಹಿಡಿದಿದ್ದೆ. ರಕ್ತದಲ್ಲಿ ಕಪ್ಪು ಗುರುತಿಸುವುದು ಕಷ್ಟ. ಎರಡು ಸಲ ಜಾರಿತು. ಕಲ್ಲವ್ವ ಕಣ್ಣು ಮುಚ್ಚಲೇ ಇಲ್ಲ, ನನ್ನನ್ನೇ ನೋಡುತ್ತಿದ್ದರು. ಮೂರನೆಯ ಸಲಕ್ಕೆ ಬಂತು.
ಎರಡೂ ತುಂಡು ಜೋಡಿಸಿ ಅಳೆದೆವು. ಪೂರ್ತಿ ಇದೆ. ಒಳಗೆ ಏನೂ ಉಳಿದಿಲ್ಲ.
ಹತ್ತಿ ಮುಚ್ಚದೆ ಟ್ರೇಯನ್ನು ಅವರ ಮುಂದೆ ಹಿಡಿದೆ. ನೋಡಿದರು.

೨೯ ನವೆಂಬರ್, ಬೆಳಗ್ಗೆ
ಹೊಲಿಗೆ ಬಿಚ್ಚಿದೆ. ಊತ ಇಳಿದಿದೆ. ಸದ್ಯ ಸ್ಕ್ರೂ ಬೇಡವೆಂದರು ಕಲ್ಲವ್ವ, ಹಾಕಿ ತೆಗೆಯುವ ಹಲ್ಲೇ ಸಾಕಂತೆ.
ಕಂಪನಿಗೂ ಔಷಧ ಇಲಾಖೆಗೂ ಬರೆದ ದೂರು ಓದಿ ಹೇಳಿದೆ. ಏಜೆಂಟ್ ಕಾಯಂ ಎಂದು ಸುಳ್ಳು ಹೇಳಿ ಮಾರಿದ, ಎಂದು ಶುರು.
ಕಲ್ಲವ್ವ ಕೊನೆಯವರೆಗೂ ಕೇಳಿದರು. "ಚಲೋ ಬರದೀರಿ. ನೀವು ಹಾಳಿ ಓದಲಿಲ್ಲ ಅನ್ನೋದು ಯಾವ ಸಾಲಿನ್ಯಾಗ ಐತ್ರಿ?"
ಇರಲಿಲ್ಲ.
ಹರಿದೆ. ಅವರು ಎದುರಿಗೇ ಕೂತಿದ್ದಾರೆ, ಏಳುವ ಲಕ್ಷಣವಿಲ್ಲ. ಇಲ್ಲೇ ಹೊಸದಾಗಿ ಕರಡು —
ಗಜೇಂದ್ರಗಡದ ದಂತವೈದ್ಯೆಯಾದ ನಾನು, ಆಸಿಫಾ, ಡಬ್ಬಿಯಲ್ಲಿದ್ದ ಹಾಳೆಯನ್ನು ಓದದೇ ಈ ಸ್ಕ್ರೂ ಹಾಕಿದೆ.