ಕಾಲು ಬದಲಾಯಿಸಿದ ಕುಂಟು

ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಸಿಡುಕಿಯ ನಮಸ್ಕಾರ. ಮೊದಲ ಸಾಲಿನಲ್ಲೇ ‘ನಾನು ಇಲ್ಲಿ ಕ್ಷೇಮ’ ಎಂದು ಬರೆಯಬೇಕೆಂಬುದು ಅಪ್ಪ ಕಲಿಸಿದ ರೂಢಿ. ಈ ಸಲ ಬರೆಯಲು ಕೈ ಬರುತ್ತಿಲ್ಲ. ಬರೆದರೆ ಯಾರಾದರೂ ಅದರ ಫೋಟೋ ತೆಗೆದು, ನೋಡಿ, ಇವಳೇ ಬರೆದುಕೊಟ್ಟಿದ್ದಾಳೆ ಎಂದು ಸಾಕ್ಷಿಗೆ ಇಟ್ಟಾರು. ನೀನು, ಭಾವ, ಮಕ್ಕಳು ಚೆನ್ನಾಗಿದ್ದೀರಿ ಎಂದುಕೊಳ್ಳುತ್ತೇನೆ. ಭಾವನ ಮಂಡಿನೋವು ಈಗ ಹೇಗಿದೆ?

ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯಲಿಲ್ಲ, ಫೋನನ್ನೂ ಎತ್ತಲಿಲ್ಲ. ಬೈದುಕೋ, ಬೈಸಿಕೊಳ್ಳುತ್ತೇನೆ. ಫೋನಿನಲ್ಲಿ ಒಂದು ಜಗಳವನ್ನು ಪೂರ್ತಿ ಹೇಳುವಷ್ಟು ಉಸಿರು ನನಗಿಲ್ಲ. ನಡುವೆ ನಿಲ್ಲಿಸಿ ಏದುಸಿರು ಬಿಟ್ಟರೆ ನೀನು ಆ ಕಡೆ ಅಳಲು ಶುರುಮಾಡುತ್ತೀಯ, ಆಮೇಲೆ ನಿನ್ನನ್ನು ಸಮಾಧಾನ ಮಾಡುವುದೇ ನನ್ನ ಪಾಡಾಗುತ್ತದೆ. ಕಾಗದದ ಮೇಲಾದರೆ ಎಷ್ಟು ಬೇಕಾದರೂ ಕೂಗಾಡಬಹುದು. ಉದ್ದವಾಗುತ್ತದೆ, ಕೂತುಕೊಂಡು ಓದು.

ಮೊದಲು ಮೈಯ ಸುದ್ದಿ. ಶ್ವಾಸಕೋಶ ಹೋದ ಸಲಕ್ಕಿಂತ ಇನ್ನಷ್ಟು ಗಟ್ಟಿಯಾಗಿದೆಯಂತೆ. ಡಾಕ್ಟರು ಮಾತ್ರೆ ಹೆಚ್ಚಿಸಿದ್ದಾರೆ. ಆ ಮಾತ್ರೆಗೆ ಮುಖ ಊದಿ, ಕೆನ್ನೆ ಕೆಂಪಗಾಗಿ, ಸಿಕ್ಕವರೆಲ್ಲ “ಚೆನ್ನಾಗಾಗಿದ್ದೀರ, ಮೈಗೆ ಹತ್ತಿದೆ” ಅನ್ನುತ್ತಾರೆ. ಸ್ವಲ್ಪ ದೂರ ನಡೆದರೆ ಸಾಕು, ತುಟಿ ನೀಲಿಗಟ್ಟುತ್ತದೆ. ನೀಲಿ ತುಟಿ ಹೊತ್ತುಕೊಂಡು ಉಡುಪಿನ ಅಳತೆ ತೆಗೆಯಲು ಹೋದರೆ ನಟರು ಗಾಬರಿಯಾಗುತ್ತಾರೆ, ಅದಕ್ಕೆ ಮೇಕಪ್ಪಿನವಳು ಕೊಟ್ಟ ಕೆಂಪು ಬಣ್ಣ ಹಚ್ಚಿಕೊಳ್ಳುತ್ತೇನೆ. ಕೆನ್ನೆ ಮಾತ್ರೆಯಿಂದ ಕೆಂಪು, ತುಟಿ ಬಣ್ಣದಿಂದ ಕೆಂಪು. ಒಳಗಿನದು ನನಗೂ ಡಾಕ್ಟರಿಗೂ ಮಾತ್ರ ಗೊತ್ತು.

ರಂಗಮಂದಿರದ ಕೆಲಸ ನಡೆಯುತ್ತಿದೆ. ಉಡುಪಿನ ಕೋಣೆ ವೇದಿಕೆಯ ಹಿಂದೆ, ನೆಲಮಾಳಿಗೆಯಲ್ಲ, ಮೇಲಿನ ಮಹಡಿಯೂ ಅಲ್ಲ, ಅದೊಂದು ಪುಣ್ಯ. ಕತ್ತರಿಸುವ ಮೇಜಿನ ಪಕ್ಕ ಎತ್ತರದ ಸ್ಟೂಲು ಹಾಕಿಸಿಕೊಂಡಿದ್ದೇನೆ. ಕೂತರೆ ನನ್ನ ಕೈಗೆ ಯಾವ ಖಾಯಿಲೆಯೂ ಇಲ್ಲ. ಕಷ್ಟವೆಲ್ಲ ಕಾರಿನಿಂದ ಆ ಸ್ಟೂಲಿನವರೆಗೆ. ನಟರ ಬಾಗಿಲಿನ ಎದುರಿಗೆ ಗಾಲಿಕುರ್ಚಿಯ ಚಿತ್ರ ಬರೆದ ಎರಡು ಪಾರ್ಕಿಂಗ್ ಜಾಗಗಳಿವೆ. ಉಳಿದವರ ಪಾರ್ಕಿಂಗ್ ಕೆಳಗೆ, ಇಳಿಜಾರಿನ ಕೊನೆಗೆ. ಅಲ್ಲಿ ಕಾರು ನಿಲ್ಲಿಸಿ ಏರು ಹತ್ತಿ ಬಂದರೆ ನಾನು ಅರ್ಧ ದಿನ ಗೋಡೆಗೆ ಒರಗಿ ಕೂರಬೇಕು. ಒಂದು ವಾಕ್ಯದಲ್ಲಿ ಹೇಳುವುದಾದರೆ, ಆ ಜಾಗ ಇದ್ದರೆ ನನಗೆ ಕೆಲಸ ಇದೆ, ಇಲ್ಲದಿದ್ದರೆ ಇಲ್ಲ. ಡಾಕ್ಟರು ಬರೆದುಕೊಟ್ಟು, ಸರ್ಕಾರಿ ಕಚೇರಿಯವರು ಪರೀಕ್ಷೆ ಮಾಡಿ ಆ ಜಾಗಕ್ಕೆಂದೇ ಕೊಟ್ಟ ನೀಲಿ ಕಾರ್ಡು ಕಾರಿನ ಗಾಜಿನ ಹಿಂದೆ ಎಲ್ಲರಿಗೂ ಕಾಣುವ ಹಾಗೆ ಇದೆ.

ಆದರೆ ಕಾರ್ಡನ್ನು ಯಾರು ನೋಡುತ್ತಾರೆ? ಎಲ್ಲರ ಕಣ್ಣೂ ನನ್ನ ಕಾಲಿನ ಮೇಲೆ. ಕಾರಿನಿಂದ ಒಂದು ಕಾಲು ಇಳಿಸುತ್ತೇನೆ, ಸರಿಯಾಗಿದೆ. ಇನ್ನೊಂದು ಇಳಿಸುತ್ತೇನೆ, ಅದೂ ಸರಿಯಾಗಿದೆ. ಮುಗಿಯಿತು, ನಾನು ಕಳ್ಳಿ. ಒಬ್ಬ ವೈಪರಿಗೆ ಚೀಟಿ ಸಿಕ್ಕಿಸಿದ್ದ: “ಸೋಮಾರಿತನ ಅಂಗವೈಕಲ್ಯವಲ್ಲ.” ಬಹಳ ಬುದ್ಧಿವಂತ, ಕಾಗುಣಿತವೂ ತಪ್ಪಿರಲಿಲ್ಲ. ಔಷಧಿ ಅಂಗಡಿಯ ಮುಂದೆ ಕೋಲು ಹಿಡಿದ ಮುದುಕರೊಬ್ಬರು ನನ್ನ ಕಾರಿನ ಬಾನೆಟ್ಟಿಗೆ ಆ ಕೋಲಿನಿಂದ ತಟ್ಟಿ, “ನಿನ್ನ ವಯಸ್ಸಲ್ಲಿ ನಾನು ಓಡ್ತಿದ್ದೆ” ಅಂದರು. ನಾನೂ ಓಡುತ್ತಿದ್ದೆ ಸ್ವಾಮಿ, ನಿಮ್ಮನ್ನು ಕೇಳಿಕೊಂಡು ನಿಲ್ಲಿಸಲಿಲ್ಲ, ಎಂದೆ. ಮಗುವನ್ನು ಎತ್ತಿಕೊಂಡ ಒಬ್ಬಳು, “ಲಿಪ್‌ಸ್ಟಿಕ್ ಹಚ್ಚೋಕೆ ಶಕ್ತಿ ಇದೆ, ನಡೆಯೋಕೆ ಇಲ್ವಾ?” ಅಂದಳು. ಇಂಥವಕ್ಕೆ ತಕ್ಕ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇರುತ್ತದೆ, ಆದರೆ ಉತ್ತರ ಕೊಡಲು ಉಸಿರು ಬೇಕು. ಉಸಿರೆಲ್ಲ ಜಗಳಕ್ಕೆ ಹೋದರೆ ಬಾಗಿಲವರೆಗೆ ನಡೆಯುವುದು ಹೇಗೆ? ಹಾಗಾಗಿ ಬಾಯಿ ಮುಚ್ಚಿಕೊಂಡು ಹೋಗುತ್ತೇನೆ. ಅವರು ನನಗೆ ನಾಚಿಕೆಯಾಯಿತು ಎಂದುಕೊಳ್ಳುತ್ತಾರೆ. ಅದು ನೆನಪಾದರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ದೊರೆಯ ಬಗ್ಗೆ ನಿನಗೆ ಬರೆದಿದ್ದೆನಲ್ಲ, ನಮ್ಮ ಮಂದಿರದ ಹಿರಿಯ ನಟರು. ಯಾವಾಗಲೂ ರಾಜನ ಪಾತ್ರವೇ ಆದ್ದರಿಂದ ಎಲ್ಲರೂ ಹಾಗೇ ಕರೆಯುವುದು. ಈಗ ನಾನು ಹೊಲಿಯುತ್ತಿರುವುದೂ ಅವರ ನಿಲುವಂಗಿಯೇ. ಲಿಪ್‌ಸ್ಟಿಕ್ಕಿನ ಮಾತು ಕೇಳಿಸಿಕೊಂಡ ದಿನ ನಾನು ಒಳಗೆ ಬಂದು ಕತ್ತರಿಯನ್ನು ಮೇಜಿಗೆ ಎಸೆದೆ. ಅಳತೆಗೆ ನಿಂತಿದ್ದವರು ಅವರು.

“ಟೈಲರಮ್ಮ, ನೀವು ಸತ್ಯ ಹೇಳ್ತಿದ್ದೀರ, ಅದೇ ತಪ್ಪು. ಜನಕ್ಕೆ ಸತ್ಯ ಬೇಡ, ಕಾಣೋದು ಬೇಕು. ನಾನು ವರ್ಷಗಟ್ಟಲೆ ಕುಂಟ ರಾಜನ ಪಾತ್ರ ಮಾಡಿದ್ದೀನಿ, ನೋಡಿ ಹೆಂಗಸರು ಅತ್ತಿದ್ದಾರೆ. ನನ್ನ ಕಾಲಿಗೇನಾಗಿದೆ? ಗುಂಡುಕಲ್ಲು. ನೀವು ಸ್ವಲ್ಪ ಕುಂಟಿ. ಮುಗೀತು.”

“ನನಗೆ ಕಾಲು ನೋವಿಲ್ಲ, ಕುಂಟೋದು ಸುಳ್ಳಾಗತ್ತೆ.”

“ನಿಮ್ಮ ತುಟಿ ಬಣ್ಣ ಸತ್ಯಾನಾ?”

ನಾನು ಎಸೆದಿದ್ದ ಕತ್ತರಿಯನ್ನು ಎತ್ತಿ ಪಕ್ಕಕ್ಕಿಟ್ಟೆ. ಆಮೇಲೆ ಪಾಠ ಶುರುವಾಯಿತು. ಕುಂಟುವುದಕ್ಕೂ ಒಂದು ವಿದ್ಯೆ ಇದೆ ಅಕ್ಕ. ನೋವಿರುವ ಕಾಲನ್ನು ಎಳೆಯಬಾರದಂತೆ, ಅದರ ಮೇಲೆ ಬೇಗ ನಿಂತು ಬೇಗ ಬಿಡಬೇಕಂತೆ. ಯಾವ ಕಾಲು ಎಂಬುದು ಮರೆಯದಿರಲು ನಟರು ಆ ಕಾಲಿನ ಬೂಟಿನಲ್ಲಿ ಸಣ್ಣ ಕಲ್ಲು ಹಾಕಿಕೊಳ್ಳುತ್ತಾರೆ. ದೊರೆ ಹೂಕುಂಡದಿಂದ ಒಂದು ಹರಳು ಆರಿಸಿ ನನ್ನ ಎಡ ಚಪ್ಪಲಿಗೆ ಹಾಕಿ, ಕೋಣೆಯ ಉದ್ದಕ್ಕೂ ನಡೆಸಿದರು. “ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ನಿಮಗೆ ಕುಂಟೋಕೂ ಬರಲ್ವಲ್ರೀ” ಎಂದು ನಕ್ಕರು. ನಾನೂ ನಕ್ಕೆ, ನಕ್ಕು ಕೆಮ್ಮಿ ಸ್ಟೂಲಿನ ಮೇಲೆ ಕೂತೆ.

ಮರುದಿನ ಔಷಧಿ ಅಂಗಡಿಯ ಮುಂದೆ ಕುಂಟಿದೆ. ಒಬ್ಬ ಬಾಗಿಲು ಹಿಡಿದ. ಇನ್ನೊಬ್ಬಳು ಚೀಲ ಇಸಿದುಕೊಂಡಳು. “ನಿಧಾನ ಅಮ್ಮ, ನಿಧಾನ” ಅಂತ ಒಬ್ಬ ಅಪರಿಚಿತ ನನ್ನ ತೋಳು ಹಿಡಿದ. ನನಗೆ ಸಂತೋಷವಾಗಬೇಕಿತ್ತು, ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಉಸಿರುಗಟ್ಟಿ ಕಂಬ ಹಿಡಿದು ನಿಂತಿದ್ದ ದಿನ ಯಾರೂ ತಿರುಗಿ ನೋಡದ ಅಂಗಡಿ ಅದು. ಇಲ್ಲದ ನೋವಿಗೆ ಇಷ್ಟು ಉಪಚಾರ, ಇರುವ ನೋವಿಗೆ ಬೈಗುಳ. ಆದರೂ ನಾಲ್ಕು ದಿನ ಕುಂಟಿದೆ. ಜಗಳ ಇಲ್ಲದೆ ಕೆಲಸಕ್ಕೆ ಹೋಗುವುದು ಎಷ್ಟು ಹಗುರ ಎಂಬುದು ಆಗ ಗೊತ್ತಾಯಿತು.

ಆಮೇಲೆ ಎಡವಟ್ಟಾಯಿತು. ಕಲ್ಲು ಚುಚ್ಚುತ್ತದೆ ಎಂದು ಕಾರು ಓಡಿಸುವಾಗ ತೆಗೆದಿಡುತ್ತಿದ್ದೆ. ಆ ದಿನ ಮತ್ತೆ ಹಾಕಲು ಮರೆತೆ. ಮಂದಿರದ ಮುಂದೆ ಇಳಿದು ಎಡಗಾಲು ಕುಂಟುತ್ತ ಒಳಗೆ ಹೋದೆ. ಇಸ್ತ್ರಿಗೆ ಕೊಡಬೇಕಾದ ರಾಜನ ನಿಲುವಂಗಿ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದೆ. ಅದರ ಭಾರ ಎಡಕ್ಕೆ ಬಿತ್ತು, ನಾನು ಬಲಗಾಲು ಕುಂಟಿದೆ. ನನಗೆ ಗೊತ್ತೇ ಆಗಲಿಲ್ಲ. ಎದುರಿನ ಬಸ್ ನಿಲ್ದಾಣದಲ್ಲಿ ಕೂತಿದ್ದ ಒಬ್ಬಳಿಗೆ ಗೊತ್ತಾಯಿತು. ಹೋಗುವಾಗಲೂ ಬರುವಾಗಲೂ ಫೋನಿನಲ್ಲಿ ವಿಡಿಯೋ ಹಿಡಿದು ಜಾಲತಾಣಕ್ಕೆ ಹಾಕಿದಳು.

ಅದರಲ್ಲಿ ಹೋಗುವಾಗ ನನ್ನ ಬೆನ್ನಷ್ಟೇ ಕಾಣುತ್ತದೆ, ಬರುವಾಗ ನಿಲುವಂಗಿ ಮುಖ ಮುಚ್ಚಿದೆ, ಕಾರಿನ ನಂಬರು ಮಾತ್ರ ಸ್ಪಷ್ಟ. ಮೇಲೆ ಬರೆದದ್ದು: “ಹೋಗುವಾಗ ಎಡಗಾಲು, ಬರುವಾಗ ಬಲಗಾಲು. ಪವಾಡ.” ಊರಿಗೆ ಊರೇ ನಕ್ಕಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರಿಗೆ ಎಲ್ಲಿ ಬರ? ಅಮ್ಮ ಮಾತುಮಾತಿಗೆ ಹೇಳುತ್ತಿದ್ದಳಲ್ಲ, ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಅಂತ. ಪರಾಂಬರಿಸಲು ಒಬ್ಬನಿಗೂ ಪುರುಸೊತ್ತಿಲ್ಲ. ಯಾರೋ ಕಚೇರಿಗೆ ದೂರು ಕೊಟ್ಟರು. ಕಾರ್ಡು ಒಪ್ಪಿಸಿ, ಬುಧವಾರ ವಿಚಾರಣೆಗೆ ಬನ್ನಿ ಎಂದು ನೋಟೀಸು ಬಂದಿದೆ. ಮಂದಿರದ ಮ್ಯಾನೇಜರು, “ಅಲ್ಲಿವರೆಗೆ ಮನೇಲಿರಿ, ನಮ್ಮ ಹೆಸರೂ ಕೆಡತ್ತೆ” ಅಂದರು. ಇಲ್ಲಿಗೆ ನಿಲ್ಲಿಸುತ್ತೇನೆ, ಉಳಿದದ್ದು ಹೋಗಿ ಬಂದ ಮೇಲೆ.

ಬುಧವಾರ ಸಂಜೆ

ಹೋಗಿ ಬಂದೆ. ಉದ್ದನೆಯ ಮೇಜು, ಅದರ ಹಿಂದೆ ಒಬ್ಬ ಹಿರಿಯ ಅಧಿಕಾರಿ, ಪಕ್ಕದಲ್ಲಿ ಕಚೇರಿಯ ಡಾಕ್ಟರಮ್ಮ. ಅಧಿಕಾರಿ ಫೋನು ತಿರುಗಿಸಿ ನನಗೆ ನನ್ನನ್ನೇ ತೋರಿಸಿದರು.

“ಇದು ನೀವೇನಾ?”

“ನಾನೇ.”

“ನಿಮಗೆ ಯಾವ ಕಾಲು ನೋವು?”

“ಯಾವುದೂ ಇಲ್ಲ.”

ಅವರು ಪೆನ್ನು ಕೆಳಗಿಟ್ಟರು. ಕಳ್ಳಿ ತಾನಾಗಿಯೇ ಸಿಕ್ಕಿಬಿದ್ದಳು ಎಂಬ ಮುಖ. ಡಾಕ್ಟರಮ್ಮ ಮಾತ್ರ ನನ್ನ ಬೆರಳಿಗೆ ಆಮ್ಲಜನಕ ಅಳೆಯುವ ಯಂತ್ರ ಸಿಕ್ಕಿಸಿ, ತುಟಿ ಒರೆಸಿಕೊಳ್ಳಲು ಹತ್ತಿ ಕೊಟ್ಟು, ಮೊಗಸಾಲೆಯಲ್ಲಿ ನಡೆಯಲು ಹೇಳಿದರು. ನಾನು ನನ್ನ ನಡಿಗೆಯಲ್ಲೇ ನಡೆದೆ, ನೆಟ್ಟಗೆ, ಚೆನ್ನಾಗಿ. ಮೊದಲ ತಿರುವಿಗೇ ಯಂತ್ರ ಕಿರುಚಲು ಶುರುಮಾಡಿತು. ಅವರು ಓಡಿ ಬಂದು ಕುರ್ಚಿ ಕೊಟ್ಟರು. ಒಳಗೆ ಕರೆದುಕೊಂಡು ಹೋಗಿ ಅಧಿಕಾರಿಗೆ ನನ್ನ ತುಟಿ ತೋರಿಸಿದರು.

ಅಧಿಕಾರಿ ಫೋನನ್ನು ಮಗುಚಿಟ್ಟು, “ಮತ್ತೆ ಕುಂಟಿದ್ದು ಯಾಕಮ್ಮ?” ಎಂದರು.

ನನಗೆ ಅಷ್ಟು ದಿನದ್ದೆಲ್ಲ ಒಟ್ಟಿಗೆ ಬಂತು. “ನಿಮ್ಮಂಥವರು ನಂಬಲಿ ಅಂತ. ನೆಟ್ಟಗೆ ನಡೆದರೆ ಕಳ್ಳಿ ಅಂತೀರ, ಕುಂಟಿದರೆ ಬಾಗಿಲು ತೆಗೀತೀರ, ಕಾಲು ತಪ್ಪಿದರೆ ವಿಚಾರಣೆಗೆ ಕರೀತೀರ. ನನ್ನ ಎದೆ ಬಗೆದು ಗಾಜಿನ ಮೇಲೆ ಅಂಟಿಸಲಾ, ಆ ಕಾರ್ಡಿನ ಪಕ್ಕದಲ್ಲಿ?” ಇಷ್ಟು ಹೇಳುವಷ್ಟರಲ್ಲಿ ಮೂರು ಕಡೆ ನಿಲ್ಲಿಸಬೇಕಾಯಿತು. ನಿಲ್ಲಿಸಿದಾಗೆಲ್ಲ ಅವರು ಕಾದರು, ಅದೊಂದು ಅವರ ಒಳ್ಳೆಯತನ.

ಕಾರ್ಡು ವಾಪಸು ಕೊಟ್ಟರು. ಕೊಡುವಾಗ ಒಂದು ಬುದ್ಧಿವಾದ: “ನಿಮ್ಮ ಒಳ್ಳೇದಕ್ಕೇ ಹೇಳ್ತೀನಿ, ಕೈಯಲ್ಲಿ ಒಂದು ಕೋಲು ಇಟ್ಟುಕೊಳ್ಳಿ. ಜನ ದೂರು ಕೊಡಲ್ಲ.” ಕೇಳಿದೆಯಾ? ಸುಳ್ಳು ಕುಂಟಿದ್ದಕ್ಕೆ ವಿಚಾರಣೆ ಮಾಡಿದವರೇ ಸುಳ್ಳು ಕೋಲು ಹಿಡಿ ಅನ್ನುತ್ತಾರೆ. ಕೋಲು ಕೊಟ್ಟರೆ ಮೊದಲ ಏಟು ಯಾರಿಗೆ ಬೀಳುತ್ತದೋ ನಾನು ಜವಾಬ್ದಾರಳಲ್ಲ ಎಂದೆ. ಡಾಕ್ಟರಮ್ಮ ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿದರು.

ನಾಳೆಯಿಂದ ಮತ್ತೆ ಕೆಲಸ. ದೊರೆ ಮನೆಯವರೆಗೆ ಬಂದು ತಪ್ಪಾಯಿತು ಎಂದು ಕೈಮುಗಿದರು. ನಾನು, ನಿಮ್ಮ ನಿಲುವಂಗಿಯ ಎಡ ಅಂಚನ್ನು ಬಲಕ್ಕಿಂತ ಗಿಡ್ಡ ಮಾಡಿ ಸೇಡು ತೀರಿಸಿಕೊಳ್ಳುತ್ತೇನೆ ಎಂದೆ. ಇನ್ನು ನಾನು ಕುಂಟುವುದಿಲ್ಲ. ಬೈಯುವವರು ಬೈಯಲಿ, ಮೆಲ್ಲಗೆ ನಡೆದು ಸ್ಟೂಲಿನ ಮೇಲೆ ಕೂತು ಒಬ್ಬೊಬ್ಬರಿಗೂ ಮನಸ್ಸಿನಲ್ಲೇ ಉತ್ತರ ಕೊಡುತ್ತೇನೆ.

ಮಕ್ಕಳಿಗೆ ಚಿಕ್ಕಮ್ಮನ ಆಶೀರ್ವಾದ, ಚೆನ್ನಾಗಿ ಓದಲಿ, ಅದಕ್ಕಿಂತ ಚೆನ್ನಾಗಿ ಉಣ್ಣಲಿ. ಭಾವನಿಗೆ ನಮಸ್ಕಾರ. ನಿನಗೆ ದೇವರು ಆರೋಗ್ಯ ಕೊಡಲಿ, ನಮ್ಮಿಬ್ಬರಲ್ಲಿ ಒಬ್ಬಳಾದರೂ ಏರು ಹತ್ತುವಂತಿರಲಿ.

ನಿನ್ನ ತಂಗಿ,
ಸಿಡುಕಿ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡೇ ಇಷ್ಟು ದಿನ ತಡಮಾಡಿದೆ. ವಿಡಿಯೋ ಬಂದ ಮರುದಿನ ದೊರೆ ಅದರ ಕೆಳಗೆ ಜನ ಬರೆದದ್ದನ್ನು ಓದುತ್ತ ಒಬ್ಬೊಬ್ಬರನ್ನೂ ಅಣಕಿಸಿ ನನ್ನನ್ನು ನಗಿಸುತ್ತಿದ್ದರು. ಒಂದು ಕಡೆ ನಿಲ್ಲಿಸಿ, “ಇವರನ್ನ ಮಾತ್ರ ಬೈಯೋಕಾಗಲ್ಲ ಟೈಲರಮ್ಮ, ಪಾಪ, ಸಂಕಟದಿಂದ ಬರೆದಿದ್ದಾರೆ” ಎಂದು ಓದಿದರು: “ನನ್ನ ಸ್ವಂತ ತಂಗಿಗೆ ಶ್ವಾಸಕೋಶದ ಖಾಯಿಲೆ. ಇಂಥ ಕಳ್ಳಿಯರಿಂದಲೇ ಅವಳಂಥವರಿಗೆ ಜಾಗ ಸಿಗುವುದಿಲ್ಲ. ಕಾರ್ಡು ಕಿತ್ತುಕೊಂಡು ಬೀದಿಯಲ್ಲಿ ನಿಲ್ಲಿಸಬೇಕು.” ಎಲ್ಲಕ್ಕಿಂತ ಹೆಚ್ಚು ಜನ ಮೆಚ್ಚಿದ್ದು ಅದನ್ನೇ. ಅದರ ಪಕ್ಕದ ಪುಟ್ಟ ಫೋಟೋದಲ್ಲಿ ನಿನ್ನ ಮುಖ ಇತ್ತು. ದೊರೆಗೆ ನಾನು ಹೇಳಲಿಲ್ಲ.

ಆ ಬೆನ್ನಿಗೆ ನೀನು ಎಷ್ಟು ವರ್ಷ ಎಣ್ಣೆ ಹಚ್ಚಿದ್ದೀಯ, ಅದರ ಮೇಲೆ ಎಷ್ಟು ಜಡೆ ಹೆಣೆದಿದ್ದೀಯ. ಕುಂಟುತ್ತಿದ್ದೆನಲ್ಲ, ಅದಕ್ಕೇ ಗುರುತು ಸಿಗಲಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಬೇರೆ ಯಾರಾದರೂ ಆಗಿದ್ದರೆ ಬೈದು ಮರೆಯುತ್ತಿದ್ದೆ. ನೀನು ನನ್ನ ಮೇಲಿನ ಪ್ರೀತಿಯಿಂದಲೇ ನನ್ನನ್ನು ಬೀದಿಯಲ್ಲಿ ನಿಲ್ಲಿಸು ಎಂದೆ, ಅದನ್ನು ಎಲ್ಲಿಡಲಿ? ಅಳಬೇಡ, ಫೋನೂ ಮಾಡಬೇಡ. ಬರೆದದ್ದನ್ನು ಅಳಿಸಲೂಬೇಡ. ಅದರ ಕೆಳಗೆ, ಆ ಮೆಚ್ಚಿದವರೆಲ್ಲ ನೋಡುವ ಹಾಗೆ, ಒಂದೇ ಒಂದು ಸಾಲು ಬರೆ: ಇವಳೇ ನನ್ನ ತಂಗಿ.