ಆ ನಿಧಾನದ ಬಡಿತ ನನ್ನದಲ್ಲ

೧೪ ನವೆಂಬರ್, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ಉತ್ತರ ತಡವಾಯಿತೆಂದು ಮುಖ ಊದಿಸಿಕೊಂಡು ಕೂತಿರುತ್ತೀಯ, ಗೊತ್ತು. ಬರೆಯಲು ಕೂತರೆ ಕೈಯೇ ಓಡುತ್ತಿರಲಿಲ್ಲ.

ನನ್ನ ಕಣ್ಣುರಿ, ಗಂಟುನೋವಿಗೆ ರಕ್ತ ಪರೀಕ್ಷೆ ಮಾಡಿಸಿದ್ದು ಹೇಳಿದ್ದೆನಲ್ಲ? ರೋಗದ ಜೊತೆ ಹೋರಾಡಬೇಕಾದ ಪ್ರತಿಕಾಯಗಳು ನನ್ನಲ್ಲಿ ದಾರಿ ತಪ್ಪಿವೆಯಂತೆ; ಹೊಟ್ಟೆಯೊಳಗಿನ ಕೂಸಿನ ಎದೆಬಡಿತವನ್ನೂ ಕೆಡಿಸಬಹುದಂತೆ. ದಿನಾ ಕೇಳಿಸಿಕೊಳ್ಳಿ, ನಿಧಾನವಾದರೆ ಆಗಲೇ ಓಡಿ ಬನ್ನಿ ಎಂದು ಡಾಕ್ಟರಮ್ಮ ಪುಟ್ಟ ಯಂತ್ರವೊಂದನ್ನು ಕೊಟ್ಟಿದ್ದರು.

ಅದು ಇವರ ಕೈ ಸೇರಿತು. ಗಡಿಯಾರ ರಿಪೇರಿ ಮಾಡುವವರ ಕಿವಿಯಲ್ಲವೇ, ನಾನು ಮುಟ್ಟುವ ಹಾಗೇ ಇಲ್ಲ! ಇಯರ್‌ಫೋನ್ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ, ಎಲ್ಲಾ ಸರಿಯಿದೆ ಅನ್ನುತ್ತಿದ್ದರು. ಕಳೆದ ವಾರ ಮಾತ್ರ ಹಾಗನ್ನುವ ಮೊದಲು ತುಸು ತಡೆದರು. ನನ್ನ ತಲೆಗೆ ಅನುಮಾನ ಹೊಕ್ಕಿತು. ಅತ್ತೆಯೊಡನೆ ಅಡುಗೆಮನೆಯಲ್ಲಿ ಮೆಲ್ಲಗೆ ಮಾತಾಡಿದರೂ ಏನೋ ಮುಚ್ಚಿಡುತ್ತಿದ್ದಾರೆ ಅನ್ನಿಸುತ್ತಿತ್ತು.

ಇವರು ಅಂಗಡಿಗೆ ಹೋದಾಗ ನಾನೇ ಕೇಳಿದೆ. ಬಡಿತ ನಿಧಾನವಾಗಿತ್ತು. ಸಂಜೆ ಹಿಡಿದು ಕೇಳಿದ್ದಕ್ಕೆ, "ಅದು ನಿಂದು ಕಣೆ. ಮಗೂದು ಓಡ್ತಾ ಇರುತ್ತೆ, ಹುಡುಕಿದ್ರೆ ಸಿಗುತ್ತೆ" ಎಂದರು. ಎರಡು ದಿನದಿಂದ ಹುಡುಕುತ್ತಲೇ ಇದ್ದರಂತೆ, ನಾನು ಹೆದರುತ್ತೇನೆಂದು ಹೇಳಿರಲಿಲ್ಲವಂತೆ! ಯಂತ್ರ ಹಚ್ಚಿಸಿ, ನನ್ನ ನಾಡಿ ಹಿಡಿದು ಕೂತೆ. ಅದು ಭಯಕ್ಕೆ ಓಡುತ್ತಿತ್ತು. ಯಂತ್ರದಲ್ಲಿ ಕೇಳುವ ಆ ಬಡಿತ ಓಡುತ್ತಿರಲಿಲ್ಲ.

"ಇದು ನಂದಲ್ಲ" ಎಂದೆ. ಇವರ ಮುಖ ಬಿಳುಚಿತು.

ಸ್ಕ್ಯಾನ್ ನೋಡಿದ ಡಾಕ್ಟರಮ್ಮ, ಕೂಸಿನ ಹೃದಯದ ಮೇಲಿನ ಕೋಣೆಯ ಸೂಚನೆ ಕೆಳಗಿನ ಕೋಣೆಗೆ ತಲುಪುತ್ತಲೇ ಇಲ್ಲ ಎಂದರು. ಆಗಲೇ ಬಂದಿದ್ದರೆ ಔಷಧಿ ಕೊಟ್ಟು ನೋಡಬಹುದಿತ್ತಂತೆ, ಹಿಡಿಯುತ್ತಿತ್ತೋ ಇಲ್ಲವೋ ಹೇಳಲಾರರಂತೆ. ಹುಟ್ಟಿದ ಮೇಲೆ ಪೇಸ್‌ಮೇಕರ್ ಬೇಕಾಗಬಹುದು, ಅಲ್ಲಿಯವರೆಗೆ ಉಳಿದರೆ. ಈ ಪ್ರತಿಕಾಯ ದೊಡ್ಡವರ ಬಡಿತವನ್ನೂ ಕೆಡಿಸುವುದುಂಟೆಂದು ನನಗೂ ಇಸಿಜಿ ಮಾಡಿದರು. ಅದರಲ್ಲೂ ಸ್ವಲ್ಪ ಏರುಪೇರಿದೆ. ನನ್ನದು ಹಾಳಾಗಿ ಹೋಗಲಿ ಅಕ್ಕಾ, ಕೂಸು ಉಳಿದರೆ ಸಾಕು.

ಭಾವನಿಗೆ ನಮಸ್ಕಾರ. ನಿನ್ನ ತರಲೆ ಮಕ್ಕಳಿಗೆ ಚಿಕ್ಕಮ್ಮನ ಆಶೀರ್ವಾದ. ನೂರು ವರ್ಷ ಗಟ್ಟಿಯಾಗಿರಲಿ.

ನಿನ್ನ
ಪುಟ್ಟಿ

ತಾ.ಕ.: ನಿನ್ನೆ ಊಟಕ್ಕೆ ಕೂತಾಗ ಇವರು ತಟ್ಟೆ ನೋಡುತ್ತಲೇ ಕೇಳಿದರು, "ಈ ಕಾಯಿಲೆ ಮದ್ವೆಗೆ ಮುಂಚೇನೇ ಗೊತ್ತಿತ್ತಾ? ನಿಮ್ಮನೆಯವ್ರು ಮುಚ್ಚಿಟ್ರಾ?" ಇಲ್ಲ ಅಂದೆ. ನಂಬಲಿಲ್ಲ. ನಿನಗೇ ಫೋನ್ ಮಾಡಿ ಕೇಳುತ್ತಾರಂತೆ. ಅದಕ್ಕೆ ಮೊದಲು ನಾನೇ ಕೇಳುತ್ತಿದ್ದೇನೆ. ನನಗಂತೂ ಗೊತ್ತಿರಲಿಲ್ಲ ಅಕ್ಕಾ. ನಿಮಗೆ ಗೊತ್ತಿತ್ತಾ?